ಮೂಲೆ ಸೈಟಿಗೆ ಎರಡು ಮುಂಭಾಗ

ಪ್ರಶ್ನೆ: ದಾವಣಗೆರೆಯ ಹೊಸ ಬಡಾವಣೆಯಲ್ಲಿ 30×40ರ ಕಾರ್ನರ್ ಸೈಟ್ ತೆಗೆದುಕೊಂಡಿದ್ದೇವೆ. ಪೂರ್ವಕ್ಕೂ ಉತ್ತರಕ್ಕೂ ರಸ್ತೆ ಇದೆ. ಪಕ್ಕದ ಸೈಟಿಗಿಂತ ಜಾಸ್ತಿ ದುಡ್ಡು ಕೊಟ್ಟಿದ್ದೇವೆ. ಈಗ ಎಂಜಿನಿಯರ್ ಎರಡೂ ರಸ್ತೆ ಕಡೆ ಮುಂಭಾಗದಷ್ಟೇ ಜಾಗ ಬಿಡಬೇಕು ಅನ್ನುತ್ತಿದ್ದಾರೆ. ನಮ್ಮ ಮನೆಯವರು ಬಾಗಿಲು ಪೂರ್ವಕ್ಕೆ, ಮುಂಭಾಗ ಅದೊಂದೇ ಅನ್ನುತ್ತಾರೆ. ಯಾರ ಮಾತು ಸರಿ?
– ಗೃಹಿಣಿ, ನಿಟ್ಟುವಳ್ಳಿ

ಉತ್ತರ: ಎಂಜಿನಿಯರ್ ಮಾತು ಸರಿ ಅಮ್ಮಾ. ಬಾಗಿಲು ಎಲ್ಲಿಡುತ್ತೀರಿ ಅನ್ನುವುದಕ್ಕೂ ಸೆಟ್‌ಬ್ಯಾಕಿಗೂ, ಅಂದರೆ ಮನೆ ಸುತ್ತ ಬಿಡಬೇಕಾದ ಖಾಲಿ ಜಾಗಕ್ಕೂ, ಸಂಬಂಧ ಇಲ್ಲ. ಮೂಲೆ ಸೈಟಿನಲ್ಲಿ ರಸ್ತೆ ತಾಗುವ ಎರಡೂ ಬದಿ ಮುಂಭಾಗ ಅಂತಲೇ ಲೆಕ್ಕ.

ಇದರಿಂದ ಎಷ್ಟು ಜಾಗ ಹೋಗುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ. ಸುಮ್ನೆ ಉದಾಹರಣೆಗೆ ಮುಂದೆ 5 ಅಡಿ, ಉಳಿದ ಕಡೆ 3 ಅಡಿ ಬಿಡಬೇಕು ಅಂದುಕೊಳ್ಳೋಣ. 30 ಅಡಿ ಬದಿ ಪೂರ್ವಕ್ಕಿದ್ದರೆ, ನಡುವಿನ ಸೈಟಿನಲ್ಲಿ 24 ಅಡಿ ಅಗಲ, 32 ಅಡಿ ಉದ್ದ ಕಟ್ಟಬಹುದು. ಅಂದರೆ 768 ಚದರ ಅಡಿ. ನಿಮ್ಮ ಸೈಟಿನಲ್ಲಿ ಅಗಲ 22 ಅಡಿಗೆ ಇಳಿಯುತ್ತದೆ, ಸಿಗುವುದು 704. ಒಂದು ಮಹಡಿಗೆ 64 ಚದರ ಅಡಿ, ಎಂಟಡಿಗೆ ಎಂಟಡಿಯ ಒಂದು ಕೋಣೆ ಹೋದಂತೆ. ಜಾಸ್ತಿ ದುಡ್ಡು ಕೊಡುವ ಮೊದಲೇ ಈ ಲೆಕ್ಕವನ್ನು ಯಾರಾದರೂ ನಿಮಗೆ ಹೇಳಬೇಕಿತ್ತು, ನನಗೆ ಅದೇ ಬೇಜಾರು. ನಿಮ್ಮ ಸೈಟಿನ ಅಳತೆಗೆ ನಿಜವಾಗಿ ಎಷ್ಟು ಬಿಡಬೇಕು ಅನ್ನುವುದನ್ನು ದೂಡಾದಲ್ಲಿ (ನಗರಾಭಿವೃದ್ಧಿ ಪ್ರಾಧಿಕಾರ), ಇಲ್ಲವೇ ಪಾಲಿಕೆಯ ನಗರ ಯೋಜನೆ ವಿಭಾಗದಲ್ಲಿ ಕೇಳಿ ಬರೆದುಕೊಂಡು ಬನ್ನಿ. ಜೊತೆಗೆ ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಎರಡು ಕಡೆ ರಸ್ತೆ ಅಂತಲೇ ಇದೆಯಾ ನೋಡಿ.

ಆದರೆ ಹೋದದ್ದಕ್ಕೆ ಬದಲಾಗಿ ಬರುವುದೂ ಇದೆ. ಪೂರ್ವ, ಉತ್ತರ ಎರಡೂ ಕಡೆ ಯಾರೂ ಗೋಡೆ ಎಬ್ಬಿಸುವುದಿಲ್ಲ. ಅಡುಗೆಮನೆ, ನಡುಮನೆಯನ್ನು ಆ ಬದಿಗೆ ತಂದರೆ ದಾವಣಗೆರೆ ಬಿಸಿಲಿನಲ್ಲೂ ಬೆಳಕು ಬರುತ್ತದೆ, ಕಾವು ಅಷ್ಟಾಗಿ ಬರುವುದಿಲ್ಲ. ಬಿಟ್ಟ ಜಾಗದಲ್ಲಿ ಸಂಪು, ಇಂಗುಗುಂಡಿ ಮಾಡಿಕೊಳ್ಳಿ.

ಪ್ರಶ್ನೆ: ಬಡಾವಣೆ ನಕ್ಷೆಯಲ್ಲಿ ನಮ್ಮ ಸೈಟಿನ ಈಶಾನ್ಯ ಮೂಲೆಯನ್ನು ಓರೆಯಾಗಿ ಕತ್ತರಿಸಿ ತೋರಿಸಿದ್ದಾರೆ. ಈಶಾನ್ಯ ಕಟ್ ಆಗಬಾರದು ಅಂತ ಅಮ್ಮನಿಗೆ ನಿದ್ದೆಯೇ ಇಲ್ಲ. ಕಾಂಪೌಂಡನ್ನು ನೇರ ಮಾಡಿಕೊಂಡರೆ ಏನಾಗುತ್ತದೆ?
– ಓದುಗರು, ಹರಿಹರ

ಉತ್ತರ: ದಯವಿಟ್ಟು ಬೇಡ. ಆ ಓರೆಯ ಆಚೆಗಿನ ತುಂಡು ರಸ್ತೆಯದು, ಅಲ್ಲಿ ಗೋಡೆ ಕಟ್ಟಿದರೆ ಅದು ಒತ್ತುವರಿ. ಲಾರಿ, ಟ್ರ್ಯಾಕ್ಟರ್ ತಿರುಗಲಿ, ಎದುರಿನವರು ಕಾಣಲಿ ಅಂತ ಬಿಟ್ಟದ್ದು ಅದು. 1976ರ ಮುನಿಸಿಪಲ್ ಕಾರ್ಪೊರೇಷನ್ಸ್ ಕಾಯ್ದೆಯಲ್ಲೂ ರಸ್ತೆ ಕೂಡುವಲ್ಲಿನ ಕಟ್ಟಡದ ಮೂಲೆಯನ್ನು ದುಂಡಗೆ ಅಥವಾ ಓರೆಯಾಗಿ ಮಾಡಿಸುವ ಅಧಿಕಾರ ಇದೆ. ಅಮ್ಮನಿಗೆ ಹೀಗೆ ಹೇಳಿ: ಓರೆ ಆಗುವುದು ಕಾಂಪೌಂಡ್ ಮಾತ್ರ. ಮನೆಯ ಗೋಡೆ ಎರಡೂ ಕಡೆ ಒಳಗೆ ಸರಿದಿರುತ್ತದೆ, ಆದ್ದರಿಂದ ಮನೆಯನ್ನು ಚೌಕವಾಗಿಯೇ ಎಬ್ಬಿಸಬಹುದು. ಈಶಾನ್ಯದಲ್ಲಿ ತುಳಸಿಕಟ್ಟೆಗೂ ಜಾಗ ಸಿಗುತ್ತದೆ. ಇದನ್ನು ಕಾಗದದ ಮೇಲೆ ಗೆರೆ ಹಾಕಿ ತೋರಿಸಿದ ಮೇಲೆ ಸಮಾಧಾನ ಆದ ಹಿರಿಯರನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಪ್ರಶ್ನೆ: ಚಿತ್ರದುರ್ಗದಲ್ಲಿ ನಮ್ಮದು ಮೂಲೆ ಮನೆ. ಎರಡು ರಸ್ತೆಯಿಂದಲೂ ಜನ ಒಳಗೆ ಇಣುಕುತ್ತಾರೆ. ಆಷಾಢದ ಗಾಳಿಗೆ ಧೂಳೆಲ್ಲ ಪಡಸಾಲೆಗೇ ಬರುತ್ತದೆ. ಏಳಡಿ ಕಾಂಪೌಂಡ್ ಕಟ್ಟಿಸಬಹುದಾ?
– ನಿವೃತ್ತ ಶಿಕ್ಷಕರು

ಉತ್ತರ: ಬೇಡ ಮೇಷ್ಟ್ರೇ. ನಿಮ್ಮ ಕಷ್ಟ ಅರ್ಥವಾಗುತ್ತದೆ, ಜೋಗಿಮಟ್ಟಿ ಕಡೆಯ ಗಾಳಿ ಏನು ಅಂತ ನನಗೂ ಗೊತ್ತು. ಆದರೂ ಮೂಲೆಯಲ್ಲಿ ಏಳಡಿ ಗೋಡೆ ಬೇಡವೇ ಬೇಡ.

ರಾಷ್ಟ್ರೀಯ ಕಟ್ಟಡ ಸಂಹಿತೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಮಾಮೂಲಿ ಕಾಂಪೌಂಡ್ ಗೋಡೆ ರಸ್ತೆಯ ನಡುಮಟ್ಟದಿಂದ ಹೆಚ್ಚೆಂದರೆ ಒಂದೂವರೆ ಮೀಟರ್ ಎತ್ತರ, ಅಂದರೆ ಸುಮಾರು ಐದಡಿ. ಮೂಲೆ ಸೈಟಿನಲ್ಲಿ ರಸ್ತೆ ಕೂಡುವ ಜಾಗದಿಂದ ಎರಡೂ ಕಡೆ 10 ಮೀಟರ್ ಉದ್ದಕ್ಕೆ ಗಟ್ಟಿ ಗೋಡೆ 0.75 ಮೀಟರ್ ಮಾತ್ರ, ಎರಡೂವರೆ ಅಡಿಗೂ ಕೂದಲೆಳೆ ಕಡಿಮೆ. ಅದರ ಮೇಲೆ ಬೇಕಾದರೆ ಇನ್ನು 0.75 ಮೀಟರ್ ಆಚೆ-ಈಚೆ ಕಾಣುವ ಗ್ರಿಲ್. 10 ಮೀಟರ್ ಅಂದರೆ ಹತ್ತಿರ ಹತ್ತಿರ 33 ಅಡಿ. ನಿಮ್ಮದು 30×40 ಆಗಿದ್ದರೆ ಒಂದು ಬದಿ ಪೂರ್ತಿ, ಇನ್ನೊಂದು ಬದಿ ಬಹುಪಾಲು ಇದರೊಳಗೇ ಬರುತ್ತದೆ.

ಈ ವಿಷಯದಲ್ಲಿ ನಾನು ಯಾಕೆ ಇಷ್ಟು ಹಟ ಮಾಡುತ್ತೇನೆ ಅಂದರೆ, ನಮ್ಮ ಬೀದಿಯ ಕ್ರಾಸಿನಲ್ಲೇ ಒಂದು ಎತ್ತರದ ಗೋಡೆ ಇತ್ತು. ಸ್ಕೂಲಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಹುಡುಗನಿಗೆ ಆಚೆಯಿಂದ ಬಂದ ಬೈಕು ಕಾಣಲೇ ಇಲ್ಲ, ಬೈಕಿನವನಿಗೆ ಹುಡುಗನೂ ಕಾಣಲಿಲ್ಲ. ಕೈ ಮುರಿಯಿತು, ಅಷ್ಟಕ್ಕೇ ಉಳಿದ. ಇಬ್ಬರದೂ ತಪ್ಪಿರಲಿಲ್ಲ, ತಪ್ಪು ಗೋಡೆಯದು. ಸೈಕಲ್ ಮೇಲೆ ಕೂತ ಮಗುವಿನ ತಲೆ ಗೋಡೆಯ ಮೇಲಿಂದ ಕಾಣಬೇಕು ಅಲ್ವಾ?

ಗ್ರಿಲ್ ಹಾಕಿಸಿ ಆಮೇಲೆ ಅದಕ್ಕೆ ತಗಡು, ಫೈಬರ್ ಶೀಟ್ ಬಡಿಸುವವರೂ ಇದ್ದಾರೆ. ಅದೂ ಗೋಡೆಯೇ ಆಯಿತು. ಮರೆ ಬೇಕಾದರೆ ಮನೆಯ ಗೋಡೆಯಲ್ಲೇ ಮಾಡಿಕೊಳ್ಳಿ. ರಸ್ತೆ ಕಡೆಯ ಕಿಟಕಿಯ ತಳವನ್ನು ನಾಲ್ಕೂವರೆ, ಐದಡಿಗೆ ಏರಿಸಿದರೆ ಬೆಳಕು ಬರುತ್ತದೆ, ಇಣುಕುವ ಕಣ್ಣು ಒಳಗೆ ಬರುವುದಿಲ್ಲ. ವರಾಂಡಕ್ಕೆ ಜಾಲಿ ಇಟ್ಟಿಗೆ ಕೂರಿಸಿ. ಮಲಗುವ ಕೋಣೆ ಇನ್ನೂ ಕಟ್ಟಬೇಕಿದ್ದರೆ ರಸ್ತೆಗಳಿಂದ ದೂರದ ಒಳಮೂಲೆಗೆ ಹಾಕಿ. ಧೂಳಿಗೆ ಪಶ್ಚಿಮದ ಕಿಟಕಿಗಳಿಗೆ ಸಣ್ಣ ಕಣ್ಣಿನ ಮೆಶ್ ಹಾಕಿಸಿ, ಮನೆಗೆ ಹತ್ತಿರವಾಗಿ ಗಿಡ ಬೆಳೆಸಿ. ಮೂಲೆಯಲ್ಲಿ ಮಾತ್ರ ಮೊಣಕಾಲೆತ್ತರದ ಗಿಡ ಸಾಕು.

ಪ್ರಶ್ನೆ: ಕಾರಿನ ಗೇಟು ಸರಿಯಾಗಿ ಮೂಲೆಯಲ್ಲೇ ಇಟ್ಟರೆ ಎರಡು ರಸ್ತೆಗೂ ಅನುಕೂಲ ಅಲ್ವಾ?
– ಓದುಗರು, ವಿದ್ಯಾನಗರ

ಉತ್ತರ: ಅಲ್ಲ. ರಿವರ್ಸ್ ತೆಗೆಯುವಾಗ ಎರಡು ರಸ್ತೆಯ ವಾಹನಕ್ಕೂ ಅಡ್ಡ ಬರುತ್ತೀರಿ. ರಸ್ತೆ ಕೂಡುವ ಮೂಲೆಗೆ ಕರ್ಣದ ಆಚೆ ತುದಿಯಲ್ಲಿ, ಹಿಂಬದಿಗೆ ಗ್ಯಾರೇಜ್ ಇರಬೇಕು. ಗೇಟನ್ನೂ ಆ ಕಡೆಗೇ ತಳ್ಳಿ. ರ‍್ಯಾಂಪ್ ಹಾಕುವಾಗ ಚರಂಡಿ ಮುಚ್ಚಬೇಡಿ, ನೀರು ತಿರುಗುವ ಜಾಗ ಅದು, ಕಟ್ಟಿಕೊಂಡರೆ ಮೊದಲು ನುಗ್ಗುವುದು ನಿಮ್ಮ ಮನೆಗೇ.

ಪ್ರಶ್ನೆ: ನಮ್ಮ ಮೂಲೆಯಲ್ಲಿ ಕರೆಂಟ್ ಕಂಬ ಇದೆ. ಎರಡು ಕಡೆಗೂ ತಂತಿ ಹೋಗಿದೆ. ಮಹಡಿಗೆ ಬಾಲ್ಕನಿ ಹಾಕಬಹುದಾ?
– ಓದುಗರು, ಎಸ್.ಎಸ್. ಬಡಾವಣೆ

ಉತ್ತರ: ಅಳತೆ ಮಾಡಿ ನೋಡಿ. ಮನೆಗೆ ಬರುವಂಥ ಲೈನಿಗೂ 11 ಕೆ.ವಿ. ಲೈನಿಗೂ ಕಟ್ಟಡದಿಂದ ಅಡ್ಡಕ್ಕೆ ಕನಿಷ್ಠ 1.2 ಮೀಟರ್, ಅಂದರೆ ನಾಲ್ಕಡಿ ಅಂತರ ಬೇಕು. ಗೋಡೆಯಿಂದ ಅಳೆಯಬೇಡಿ. ಬಾಲ್ಕನಿ ಇಲ್ಲವೇ ಕಿಟಕಿ ಮೇಲಿನ ಸಜ್ಜಾ, ಯಾವುದು ಹೊರಗೆ ಚಾಚಿದೆಯೋ ಅದರ ಕೊನೆಯ ಅಂಚಿನಿಂದ ಅಳೆಯಿರಿ. ನಾಲ್ಕಡಿ ಸಿಗದಿದ್ದರೆ ಆ ಬದಿ ಬಾಲ್ಕನಿ ಬಿಟ್ಟುಬಿಡಿ. ಅಂತರ ಸರಿ ಇದ್ದರೂ ಮೋಲ್ಡ್ ಹಾಕುವ ಮುಂಚೆ ಉದ್ದನೆಯ ಕಂಬಿ ಮೇಲಕ್ಕೆ ಎತ್ತುವ ದಿನ ಮೆಸ್ತ್ರಿಗೆ ಬಿಡದೆ ನೀವೇ ಬೆಸ್ಕಾಂ ಆಫೀಸಿಗೆ ಹೋಗಿ ಲೈನ್ ಆಫ್ ಮಾಡಿಸಿ, ಆಫ್ ಆಗಿದೆ ಅಂತ ಅವರು ಹೇಳುವವರೆಗೂ ಯಾರನ್ನೂ ಮೇಲೆ ಹತ್ತಿಸಬೇಡಿ.