ಪ್ರತಿಕ್ರಿಯೆ: ‘ಗೋಲ್ಡ್ ಕೋಸ್ಟ್’ ಚೀಟಿಯ ಮೇಲೆ ‘ಘಾನಾ’ ಏಕೆ?

ರಾಣಿ ಎಲಿಜಬೆತ್ ಚಿತ್ರವಿರುವ ‘ಗೋಲ್ಡ್ ಕೋಸ್ಟ್’ ಅಂಚೆಚೀಟಿಯ ಮೇಲೆ ‘ಘಾನಾ’ ಎಂಬ ಅಕ್ಷರಗಳು ಬಿದ್ದಿರುವುದು ಮುದ್ರಣದೋಷವೇ ಎಂದು ತಾವು ಕೇಳಿದ್ದೀರಿ. ಅದು ದೋಷವಲ್ಲ. 1957ರ ಮಾರ್ಚ್ 6ರಂದು ಪಶ್ಚಿಮ ಆಫ್ರಿಕಾದ ಬ್ರಿಟಿಷ್ ವಸಾಹತು ಗೋಲ್ಡ್ ಕೋಸ್ಟ್ ಘಾನಾ ಎಂಬ ಹೆಸರಿನಲ್ಲಿ ಸ್ವತಂತ್ರವಾದಾಗ, ಹಳೆಯ ಚೀಟಿಗಳ ಮೇಲೆಯೇ ದೇಶದ ಹೊಸ ಹೆಸರನ್ನೂ ಸ್ವಾತಂತ್ರ್ಯದ ದಿನಾಂಕವನ್ನೂ ಮರುಮುದ್ರಿಸಿ ಮಾರಾಟಕ್ಕೆ ಬಿಡಲಾಯಿತು. ಭೂತಗನ್ನಡಿ ಹಿಡಿದು ನೋಡಿದರೆ ಆ ದಿನಾಂಕ ತಮಗೂ ಕಾಣಿಸೀತು.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಕುತೂಹಲಕರವಾದದ್ದು ಅದೇ ದಿನ ಬಂದ ಹೊಸ ಚೀಟಿ. ಅದರಲ್ಲಿ ಆಫ್ರಿಕಾದ ನಕ್ಷೆ ಮತ್ತು ಹದ್ದಿನ ಜೊತೆಗೆ ಪ್ರಧಾನಿ ಕ್ವಾಮೆ ಎನ್‌ಕ್ರುಮಾ ಅವರ ಭಾವಚಿತ್ರವಿತ್ತು. ಘಾನಾ ಗಣರಾಜ್ಯವಾದದ್ದು 1960ರ ಜುಲೈ 1ರಂದು; ಅಲ್ಲಿಯವರೆಗೆ ರಾಣಿಯೇ ರಾಷ್ಟ್ರದ ಮುಖ್ಯಸ್ಥೆಯಾಗಿದ್ದುದರಿಂದ ರಾಣಿಯ ಬದಲು ಪ್ರಧಾನಿಯ ಚಿತ್ರ ಹಾಕಿದ ಈ ಬದಲಾವಣೆ ಟೀಕೆಗೂ ಗುರಿಯಾಯಿತು. ಓದುಬರಹ ಬಾರದ ಜನರಿಗೆ ಸ್ವಾತಂತ್ರ್ಯವನ್ನು ಚಿಹ್ನೆಗಳ ಮೂಲಕವೇ ತೋರಿಸಬೇಕೆಂಬುದು ಎನ್‌ಕ್ರುಮಾ ಅವರು ನೀಡಿದ ಸಮರ್ಥನೆ.

ಮರುಮುದ್ರಣ ಅಲ್ಲಿಗೇ ನಿಲ್ಲಲಿಲ್ಲ. 1965ರ ಜುಲೈ 19ರಂದು ಪೌಂಡ್ ಹೋಗಿ ಸೆಡಿ ಎಂಬ ಹೊಸ ಕರೆನ್ಸಿ ಬಂದಾಗಲೂ ಹಳೆಯ ಚೀಟಿಗಳ ಮೇಲೆ ಹೊಸ ಬೆಲೆಯನ್ನು ಒತ್ತಲಾಯಿತು. ಮರುವರ್ಷದ ಫೆಬ್ರವರಿ 24ರಂದು ಎನ್‌ಕ್ರುಮಾ ವಿದೇಶ ಪ್ರವಾಸದಲ್ಲಿದ್ದಾಗಲೇ ಸೇನೆ ಮತ್ತು ಪೊಲೀಸರು ಅವರನ್ನು ಪದಚ್ಯುತಗೊಳಿಸಿದರು. ಅವರ ಮುಖವಿರುವ ಚೀಟಿ ತಮ್ಮ ಬಳಿ ಇದ್ದರೆ, ಅಂಚೆ ಮುದ್ರೆಯಲ್ಲಿರುವ ದಿನಾಂಕ ಅವರ ಪದಚ್ಯುತಿಗೆ ಮೊದಲಿನದೋ ನಂತರದ್ದೋ ಎಂದು ಒಮ್ಮೆ ಗಮನಿಸಿ.