ಇಂಗುಗುಂಡಿಯ ಹೊಟ್ಟೆಗೆ ಜಲ್ಲಿ ಬೇಡ

ಪತ್ರ: ನಮ್ಮದು ನಾಗರಬಾವಿಯಲ್ಲಿ 30x40 ಸೈಟಿನ ಮನೆ. ಎರಡು ವರ್ಷದ ಹಿಂದೆ ಮೂರಡಿ ಅಗಲ, ಆರಡಿ ಆಳದ ಇಂಗುಗುಂಡಿ ತೆಗೆಸಿ ಜಲ್ಲಿ, ಇದ್ದಿಲು, ಮರಳು ತುಂಬಿಸಿದೆವು. ಈಗ ಹತ್ತು ನಿಮಿಷ ಜೋರು ಮಳೆ ಬಂದರೆ ಸಾಕು, ಉಕ್ಕಿ ಗೇಟಿನಾಚೆ ಹರಿಯುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ತಪ್ಪಿಲ್ಲ. ಹವಾಮಾನವೇ ಬದಲಾಗಿರುವಾಗ ಒಂದು ಮನೆಯವರು ಗುಂಡಿ ತೋಡಿ ಏನು ಪ್ರಯೋಜನ?

ಉತ್ತರ: ನಿಮ್ಮ ಗುಂಡಿ ಸತ್ತಿಲ್ಲ, ಗಂಟಲು ಕಟ್ಟಿಕೊಂಡಿದೆ. ಆ ಅಳತೆಯ ಗುಂಡಿ ಖಾಲಿಯಿದ್ದರೆ ಸುಮಾರು 1,200 ಲೀಟರ್ ಹಿಡಿಯುತ್ತದೆ. ಜಲ್ಲಿ ತುಂಬಿದ ಮೇಲೆ ನೀರಿಗೆ ಉಳಿಯುವುದು ಕಲ್ಲುಗಳ ಸಂದಿ ಮಾತ್ರ, ಹೆಚ್ಚೆಂದರೆ 500 ಲೀಟರ್. ಸಾವಿರ ಚದರಡಿ ತಾರಸಿಗೆ ಒಂದು ಮಿ.ಮೀ. ಮಳೆ ಬಿದ್ದರೆ 93 ಲೀಟರ್. ಅಂದರೆ ಐದಾರು ಮಿ.ಮೀ.ಗೇ ಗುಂಡಿ ಭರ್ತಿ. ಬೆಂಗಳೂರಿನ ಸಂಜೆ ಮಳೆಗೆ ಅದು ಹತ್ತು ನಿಮಿಷದ ಕೆಲಸ. ಮೇಲಾಗಿ ತಾರಸಿಯ ದೂಳು, ಎಲೆಪುಡಿಯೆಲ್ಲ ಆ ಸಂದಿಗಳಲ್ಲಿ ಕೂತು ಗಟ್ಟಿಯಾಗಿರುತ್ತದೆ. ಕಲ್ಲು ಮೇಲೆತ್ತದೆ ಅದನ್ನು ತೊಳೆಯಲಾಗದು. ಇದ್ದಿಲು ಹಾಕಿಸಿದವರು ಕುಡಿಯುವ ನೀರಿನ ಫಿಲ್ಟರಿನ ಪಾಠವನ್ನು ಗುಂಡಿಗೆ ಒಪ್ಪಿಸಿದಂತಿದೆ.

ಮಳೆಯ ವರಸೆಯೂ ಬದಲಾಗಿದೆ, ನಿಜ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿದುಕೊಳ್ಳಬಲ್ಲದು. ಸುರಿಸುವಾಗ ಒಟ್ಟಿಗೇ ಸುರಿಸುತ್ತದೆ. 2024ರ ಜೂನ್ 2ರಂದು ನಗರದಲ್ಲಿ ಒಂದೇ ದಿನ 111 ಮಿ.ಮೀ. ಮಳೆಯಾಯಿತು. ಅದಕ್ಕೆ ಮೂರೇ ತಿಂಗಳ ಹಿಂದೆ ಇದೇ ಊರು ಟ್ಯಾಂಕರಿಗಾಗಿ ಕಾದು ಕೂತಿತ್ತು. ನಿಮ್ಮಂಥ ತಾರಸಿಯಿಂದ ಆ ದಿನ ಇಳಿದ ನೀರು 10,000 ಲೀಟರಿಗೂ ಹೆಚ್ಚು. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಒಂದೂವರೆಗೂ ಮೀರಿ!

ಆದ್ದರಿಂದ ತಾರಸಿಯ ನೀರು ಮೊದಲು ಸಂಪಿಗೆ ಹೋಗಲಿ, ಮಿಕ್ಕಿದ್ದು ನೀರಿಂಗಿಸುವ ಬಾವಿಗೆ. ಎರಡಕ್ಕೂ ಮುಂಚೆ, ಮೊದಲ ಒಂದೆರಡು ಮಿ.ಮೀ. ಕೊಳೆ ನೀರನ್ನು ಬೇರೆ ಮಾಡಲು 200 ಲೀಟರಿನ ಡ್ರಮ್ ಇಡಿ. ಬರೀ ನಾಲ್ಕಿಂಚಿನ ಪೈಪ್ ನಿಲ್ಲಿಸಿದರೆ ಸಾಲದು, ಅದು ಮೀಟರಿಗೆ ಎಂಟು ಲೀಟರಷ್ಟೇ ಹಿಡಿಯುತ್ತದೆ. ಡ್ರಮ್ಮಿನ ತಳದ ನಲ್ಲಿ ಸಣ್ಣಗೆ ತೊಟ್ಟಿಕ್ಕುತ್ತಿರಲಿ. ಬಿಗಿಯಾಗಿ ಮುಚ್ಚಿ ಮರೆತರೆ ಮುಂದಿನ ಮಳೆಗೆ ಡ್ರಮ್ ತುಂಬಿಯೇ ಇರುತ್ತದೆ, ಕೊಳೆಯೆಲ್ಲ ನೇರ ಸಂಪಿಗೆ. ತಾರಸಿಗೆ ತಂಪಿಗೆಂದು ಸುಣ್ಣ ಬಳಿಸಿದ್ದರೆ ಮೊದಲ ಎರಡು ಮೂರು ಮಳೆಯ ನೀರು ಸಂಪಿಗೆ ಬೇಡವೇ ಬೇಡ.

ಇನ್ನು ಬಾವಿ. ಜಲ್ಲಿ ತೆಗೆಸಿ, ಅದೇ ಗುಂಡಿಯನ್ನು ನಾಲ್ಕಡಿಗೆ ಅಗಲಿಸಿ ಇಪ್ಪತ್ತಡಿ ಇಳಿಸಿ. ಮನೆಯ ಪಾಯ ಹತ್ತಿರವಿದ್ದರೆ ಮೊದಲು ಎಂಜಿನಿಯರಿಗೆ ತೋರಿಸಿ. ಒಳಚರಂಡಿ ಚೇಂಬರಿನ ಪಕ್ಕದಲ್ಲಿದ್ದರೆ ಜಾಗವನ್ನೇ ಬದಲಿಸಿ. ಮೇಲಿನ ಕೆಂಪು ಜೇಡಿ ನೀರು ಕುಡಿಯುವುದು ನಿಧಾನ, ಅದರ ಕೆಳಗಿನ ಗರಸು ಸಿಗುವವರೆಗೆ ಅಗೆಯಬೇಕು. ಹಿಡಿಯಲ್ಲಿ ಹಿಸುಕಿದರೆ ಉಂಡೆ ಕಟ್ಟುವುದು ಜೇಡಿ, ಬೆರಳ ಸಂದಿಯಿಂದ ಉದುರುವುದು ಗರಸು. ತಲೆಮಾರುಗಳಿಂದ ಬಾವಿ ತೋಡುತ್ತಿರುವ ಮಣ್ಣು ವಡ್ಡರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಅವರನ್ನೇ ಕರೆಸಿ. ಬಂಡೆ ತಗುಲಿದರೆ ಅಲ್ಲಿಗೇ ನಿಲ್ಲಿಸಿ.

ಮೂರಡಿ ಅಗಲದ, ತೂತಿರುವ ಸಿಮೆಂಟ್ ರಿಂಗುಗಳನ್ನು ಇಳಿಸಿ. ರಿಂಗ್ ಒಂದಡಿ ಎತ್ತರದ್ದಾದರೆ ಇಪ್ಪತ್ತು ಬೇಕು. ಸಂದಿಗೆ ಗಾರೆ ಮೆತ್ತಬಾರದು, ತಳಕ್ಕೆ ಕಾಂಕ್ರೀಟ್ ಹಾಕಬಾರದು. ‘ನೀಟಾಗಿ ಕಾಣಲಿ’ ಅಂತ ಮೇಸ್ತ್ರಿ ಎರಡನ್ನೂ ಮಾಡಿಬಿಟ್ಟರೆ ನಿಮಗೆ ಸಿಗುವುದು ಇನ್ನೊಂದು ಸಂಪು. ರಿಂಗಿಗೂ ಮಣ್ಣಿಗೂ ನಡುವಿನ ಆರಿಂಚು ಜಾಗಕ್ಕೆ 40 ಮಿ.ಮೀ. ಜಲ್ಲಿ ಸುರಿಯಿರಿ, ಜಲ್ಲಿಯ ಕೆಲಸ ಅಷ್ಟೇ. ಒಳಗೆ ಖಾಲಿಯಿದ್ದರೆ 4,000 ಲೀಟರ್ ಹಿಡಿಯುತ್ತದೆ, ಇಂಗುತ್ತಲೂ ಇರುತ್ತದೆ. ಮೇಲೆ ಗಟ್ಟಿ ಸ್ಲ್ಯಾಬ್, ಅದರಲ್ಲಿ ಆಳು ಇಳಿಯುವಷ್ಟು ಬಾಯಿ, ಅದಕ್ಕೆ ಬೀಗ.

ಮಳೆ ನಿಂತು ಮೂರು ದಿನವಾದರೂ ನೀರು ಇಳಿಯದಿದ್ದರೆ ತಳದಲ್ಲಿ ಹೂಳು ಕೂತಿದೆ ಎಂದರ್ಥ. ವಾರ ಕಳೆದರೆ ಸೊಳ್ಳೆಯೂ ಹುಟ್ಟುತ್ತದೆ. ವರ್ಷಕ್ಕೊಮ್ಮೆ, ಮಾವಿನ ಮಳೆಗೂ ಮುಂಚೆ ಹೂಳು ತೆಗೆಸಿ. ಮುಚ್ಚಳ ತೆರೆದು ಸಾಕಷ್ಟು ಹೊತ್ತು ಗಾಳಿಯಾಡದೆ ಯಾರನ್ನೂ ಇಳಿಸಬೇಡಿ, ಮೇಲೊಬ್ಬರು ಹಗ್ಗ ಹಿಡಿದಿರಲಿ. ಬೀದಿ ಮೋರಿಯ ನೀರನ್ನು ಬಾವಿಗೆ ತಿರುಗಿಸಬೇಡಿ. ತಾರಸಿ ಪೈಪನ್ನು ಬೋರ್‌ವೆಲ್ ಬಾಯಿಗೇ ಇಳಿಸುವವರೂ ಇದ್ದಾರೆ; ಒಮ್ಮೆ ಕೊಳೆ ಬಂಡೆಯ ಬಿರುಕಿಗೆ ಹೋದರೆ ತೆಗೆಯುವವರಿಲ್ಲ.

ಒಂದು ಮನೆಯಿಂದ ಏನಾದೀತು ಎಂದಿರಿ. ಇಂಗಿದ ನೀರು ನಿಮ್ಮ ಬೋರ್‌ವೆಲ್ಲಿಗೇ ಬರುತ್ತದೆಂಬ ಭರವಸೆ ಕೊಡಲಾರೆವು, ಅದು ಯಾರ ಬಿರುಕಿಗಾದರೂ ಹೋದೀತು. ಆದರೆ ಬೀದಿಯ ಲೆಕ್ಕ ಬೇರೆ. ಅಂಥ ಇಪ್ಪತ್ತು ತಾರಸಿಗಳಿಂದ 111 ಮಿ.ಮೀ. ಮಳೆಗೆ ಇಳಿಯುವುದು ಎರಡು ಲಕ್ಷ ಲೀಟರ್. ಈಗ ಅಷ್ಟೂ ವೃಷಭಾವತಿ ನದಿಯ ಕಡೆಗೆ ಓಡುತ್ತದೆ, ದಾರಿಯಲ್ಲಿ ತಗ್ಗಿನ ಮನೆಗಳಿಗೆ ನುಗ್ಗುತ್ತದೆ. ಒಂದೊಂದು ಬಾವಿ ನಾಲ್ಕು ಸಾವಿರ ಲೀಟರ್ ತಡೆದರೂ ಅದರಲ್ಲಿ 80,000 ಲೀಟರ್ ರಸ್ತೆಗೆ ಬರುವುದಿಲ್ಲ. ಅಕ್ಕಪಕ್ಕದವರನ್ನು ಒಪ್ಪಿಸುವ ಮುಂಚೆ ಜಯನಗರ 5ನೇ ಬ್ಲಾಕಿನ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಸಂಗ್ರಹ ಥೀಮ್ ಪಾರ್ಕಿಗೆ ಅವರನ್ನೂ ಕರೆದುಕೊಂಡು ಹೋಗಿ ಬನ್ನಿ. ಫಿಲ್ಟರುಗಳ ಮಾದರಿಗಳನ್ನು ಅಲ್ಲಿ ಮುಟ್ಟಿ ನೋಡಬಹುದು.