ಸಂಪಾದಕರ ಉತ್ತರ: ಕಾರಣಿಕಕ್ಕೆ ತಾರೀಖಿಲ್ಲ

(ಹೂವಿನಹಡಗಲಿ ತಾಲ್ಲೂಕಿನ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನಮ್ಮ ‘ಮುಂದಿನ ಹತ್ತು ವರ್ಷ’ ವಿಶೇಷ ಸಂಚಿಕೆಯನ್ನು ಓದಿ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಭವಿಷ್ಯ ನುಡಿಯುವ ಕಾರಣಿಕಕ್ಕೂ ನಿಮ್ಮ ಭವಿಷ್ಯವಾಣಿಗೂ ಏನು ವ್ಯತ್ಯಾಸ, ನಮ್ಮೂರ ಕನ್ನಡ ಶಾಲೆ ಇನ್ನು ಹತ್ತು ವರ್ಷ ಉಳಿದೀತೇ, ಎಸ್ಸೆಸ್ಸೆಲ್ಸಿ ಮುಗಿಸಿದ ಮೊಮ್ಮಗಳು ಏನು ಓದಬೇಕು ಎಂದು ಕೇಳಿದ್ದಾರೆ. ಜೊತೆಗೆ ನಮ್ಮದೇ 2016ರ ಜನವರಿ ಸಂಚಿಕೆಯ ಒಂದು ಹಾಳೆಯನ್ನು ಲಗತ್ತಿಸಿದ್ದಾರೆ.)

ಮಾನ್ಯ ಮೇಷ್ಟ್ರೇ,

ಪತ್ರಕ್ಕಿಂತ ಹೆಚ್ಚು ಚುಚ್ಚಿದ್ದು ಆ ಹಾಳೆ. ತಾವು ಕೆಂಪು ಶಾಯಿಯಲ್ಲಿ ಗೆರೆ ಎಳೆದ ಎರಡು ವಾಕ್ಯಗಳನ್ನು ಕಚೇರಿಯಲ್ಲಿ ಎಲ್ಲರಿಗೂ ಕೇಳುವಂತೆ ಓದಿದೆ. ಹತ್ತು ವರ್ಷಗಳಲ್ಲಿ ಅಚ್ಚಿನ ಮಾಸಪತ್ರಿಕೆ ಬರೀ ನೆನಪಾಗಿರುತ್ತದೆ ಎಂದು ಬರೆದವನು ನಾನೇ. ಅದೇ ಮಾಸಪತ್ರಿಕೆಯ ಪುಟದಲ್ಲಿ ಈಗ ತಪ್ಪೊಪ್ಪಿಕೊಳ್ಳುತ್ತಿದ್ದೇನೆ. ಹಳ್ಳಿಯ ಅಂಗಡಿಯಲ್ಲೂ ಕ್ರೆಡಿಟ್ ಕಾರ್ಡ್ ನಡೆಯುತ್ತದೆ ಎಂಬುದು ಇನ್ನೊಂದು. ಆ ಸಂಚಿಕೆ ಹೊರಬಂದ ಮೂರೇ ತಿಂಗಳಿಗೆ, ಏಪ್ರಿಲ್‌ನಲ್ಲಿ, ಯುಪಿಐ ಬಂತು. ಇಂದು ಸೊಪ್ಪು ಮಾರುವ ಅಜ್ಜಿಯ ಬುಟ್ಟಿಗೆ ಒರಗಿಸಿಟ್ಟಿರುವುದು ಕ್ಯೂಆರ್ ಚೀಟಿ. ಕಾರ್ಡ್ ಉಜ್ಜುವ ಯಂತ್ರ ಆ ಅಜ್ಜಿಯ ಕೈಗೆ ಬರಲೇ ಇಲ್ಲ. ಹಣ ಕೊಡುವ ರೀತಿ ಬದಲಾಗುತ್ತದೆ ಎಂಬುದು ನಮಗೆ ಹೊಳೆದಿತ್ತು, ಯಾವುದರಿಂದ ಎಂಬುದು ಹೊಳೆದಿರಲಿಲ್ಲ.

ಇನ್ನು ಕಾರಣಿಕದ ಮಾತು. ಮೈಲಾರದ ಡೆಂಕನಮರಡಿಯಲ್ಲಿ ಒಮ್ಮೆ ಆ ಜನಸಾಗರದ ನಡುವೆ ನಾನೂ ನಿಂತಿದ್ದೇನೆ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದಾಗ ಮಗುವಿನ ಅಳುವೂ ನಿಂತಂತೆ ಅನ್ನಿಸಿತ್ತು. ಒಂದೇ ಸಾಲು, ನುಡಿದವನೇ ಮೇಲಿನಿಂದ ಕೆಳಗೆ ಬಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಅದೇ ಸಾಲು ಒಬ್ಬರಿಗೆ ಮಳೆಯಾಗಿತ್ತು, ಇನ್ನೊಬ್ಬರಿಗೆ ಹತ್ತಿಯ ದರ, ಕಂಡಕ್ಟರನಿಗೆ ಮುಖ್ಯಮಂತ್ರಿಯ ಕುರ್ಚಿ. ಯಾವಾಗ, ಎಷ್ಟು ಎಂದು ಹೇಳದ ಮಾತು ಸುಳ್ಳಾಗುವುದಾದರೂ ಹೇಗೆ? ಅದರ ಬಗ್ಗೆ ನನಗೆ ದೂರಿಲ್ಲ. ಅದು ಭಕ್ತಿಯ ಮಾತು, ಕಾವ್ಯವೂ ಹೌದು. ಅಳತೆಗೋಲು ಹಿಡಿದು ಬಂದದ್ದಲ್ಲ. ನಾಚಿಕೆಯಾಗಬೇಕಾದದ್ದು ನಮಗೆ. ವಿಶೇಷ ಸಂಚಿಕೆಯನ್ನು ತಮ್ಮ ಪತ್ರ ಬಂದ ಮೇಲೆ ಮತ್ತೆ ತಿರುವಿ ಹಾಕಿದೆ. ಹದಿನಾಲ್ಕು ಲೇಖನಗಳಲ್ಲಿ ತಾರೀಖು ಹಾಕಿ ಮಾತಾಡಿದ್ದು ಮೂರು ಮಾತ್ರ. ಉಳಿದವೆಲ್ಲ ‘ಸಾಧ್ಯತೆ ಇದೆ’, ‘ಅಲ್ಲಗಳೆಯುವಂತಿಲ್ಲ’. ಇದು ಬಿಲ್ಲನ್ನೂ ಏರದೆ ನುಡಿದ ಕಾರಣಿಕ.

ತಾರೀಖು ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಬಿಸಿಲಿನ ವಿದ್ಯುತ್ತಿನ ಕತೆಯನ್ನು ನೋಡಬೇಕು. 2010ರಲ್ಲಿ ರಾಷ್ಟ್ರೀಯ ಸೌರ ಮಿಷನ್ ಆರಂಭವಾದಾಗ 2022ಕ್ಕೆ 20,000 ಮೆಗಾವಾಟ್ ಎಂದು ಗುರಿ ಇಟ್ಟರು. ಯೂನಿಟ್ಟಿಗೆ ಹತ್ತು ರೂಪಾಯಿಗೂ ಮೇಲೆ ಬಿಡ್ ಬರುತ್ತಿದ್ದ ಕಾಲ ಅದು. ಹಗಲುಗನಸು ಎಂದವರೇ ಹೆಚ್ಚು. ಆ ಗುರಿ ನಾಲ್ಕು ವರ್ಷ ಮೊದಲೇ, 2018ರಲ್ಲೇ ಮುಟ್ಟಿತು. ಚೀನಾದ ಕಾರ್ಖಾನೆಗಳು ಫಲಕಗಳನ್ನು ಹೆಚ್ಚು ಮಾಡಿದಷ್ಟೂ ಅಗ್ಗವಾಗಿ ಮಾಡುವುದನ್ನು ಕಲಿತವು. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಯೂನಿಟ್ಟಿಗೆ 2.44 ರೂಪಾಯಿ, 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ 1.99. ನಮ್ಮ ಪಾವಗಡದಲ್ಲಿ ಶೇಂಗಾ ಬಿತ್ತಿ ಮುಗಿಲು ನೋಡುತ್ತಿದ್ದ ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆಗೆ ಸುಮಾರು 13,000 ಎಕರೆ ಕೊಟ್ಟರು, 2,050 ಮೆಗಾವಾಟಿನ ಪಾರ್ಕ್ ಎದ್ದಿತು.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಗೆಲುವಿನ ವಾಸನೆ ಹಿಡಿದ ಸರ್ಕಾರ 2015ರಲ್ಲೇ ಗುರಿಯನ್ನು ಐದು ಪಟ್ಟು ಏರಿಸಿತ್ತು: 2022ಕ್ಕೆ ಒಂದು ಲಕ್ಷ ಮೆಗಾವಾಟ್. ಆ ವರ್ಷದ ಕೊನೆಗೆ ಆಗಿದ್ದು ಸುಮಾರು 63,000. ಮನೆಗಳ ತಾರಸಿಯ ಮೇಲೆ 40,000 ಬರುತ್ತದೆ ಎಂದು ಲೆಕ್ಕ ಹಾಕಿದ್ದರು, ತಾರಸಿ ಸ್ಪಂದಿಸಲಿಲ್ಲ. ಲಕ್ಷ ಮುಟ್ಟಿದ್ದು 2025ರ ಜನವರಿಯಲ್ಲಿ. ಅದೇ ದೇಶ, ಅದೇ ಸೂರ್ಯ. ಮೊದಲ ಸಲ ಹೆದರಿ ತಪ್ಪಿದರು, ಎರಡನೆಯ ಸಲ ಉಬ್ಬಿ ತಪ್ಪಿದರು. ತಾರೀಖು ಇದ್ದದ್ದರಿಂದಲೇ ಎಲ್ಲಿ ತಪ್ಪಿತು ಎಂದು ಬೆರಳಿಟ್ಟು ತೋರಿಸಲು ಆಗುತ್ತಿದೆ.

ಊರ ಶಾಲೆ ಉಳಿದೀತೇ ಎಂಬ ತಮ್ಮ ಎರಡನೆಯ ಪ್ರಶ್ನೆಗೆ ನಾನು ಇಷ್ಟು ತಡವರಿಸುವುದಿಲ್ಲ, ಉತ್ತರ ಮಾತ್ರ ಸಿಹಿಯಲ್ಲ. ಬರಲಿರುವ ದಶಕದ ಬಗ್ಗೆ ಧೈರ್ಯವಾಗಿ ಹೇಳಬಹುದಾದದ್ದು ಆಗಲೇ ಹುಟ್ಟಿರುವವರ ವಿಷಯ. 2036ರಲ್ಲಿ ಹತ್ತನೆಯ ತರಗತಿಯಲ್ಲಿ ಕೂರುವ ಹುಡುಗ ಇಂದು ಅಂಗನವಾಡಿಯಲ್ಲಿ ಮೊಟ್ಟೆ ತಿನ್ನುತ್ತಿದ್ದಾನೆ. ಆ ವರ್ಷ ಒಂದನೆಯ ತರಗತಿಗೆ ಸೇರುವ ಮಕ್ಕಳ ತಾಯಂದಿರು ಈಗ ಕಾಲೇಜಿನಲ್ಲಿದ್ದಾರೆ. ಜನಸಂಖ್ಯೆ ಕುಗ್ಗದಿರಬೇಕಾದರೆ ಒಬ್ಬ ಮಹಿಳೆಗೆ ಸರಾಸರಿ 2.1 ಮಕ್ಕಳು ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸಂಖ್ಯೆ 1.7. ತಾವು ಇಂಗ್ಲಿಷ್ ಮಾಧ್ಯಮದ ವ್ಯಾನುಗಳನ್ನು ಬೈದಿದ್ದೀರಿ, ಬೈಯಿರಿ, ನಾನೂ ದನಿಗೂಡಿಸುತ್ತೇನೆ. ಆದರೆ ಆ ವ್ಯಾನುಗಳೆಲ್ಲ ನಾಳೆಯೇ ನಿಂತುಹೋದರೂ ಬೆಂಚುಗಳು ಹಿಂದಿನಂತೆ ತುಂಬುವುದಿಲ್ಲ. ಮುಂದೊಂದು ದಿನ ಆ ವ್ಯಾನಿನಲ್ಲೂ ಸೀಟು ಖಾಲಿ ಉಳಿಯುತ್ತದೆ.

ಇದರ ಇನ್ನೊಂದು ಮಗ್ಗುಲು ನಾವು, ಅಂದರೆ ತಾವು ಮತ್ತು ಸದ್ಯದಲ್ಲೇ ನಾನು. 2011ರ ಜನಗಣತಿಯಲ್ಲಿ ಅರವತ್ತು ದಾಟಿದವರು ದೇಶದಲ್ಲಿ ನೂರಕ್ಕೆ ಎಂಟೂವರೆಯಷ್ಟಿದ್ದರು. 2036ಕ್ಕೆ ನೂರಕ್ಕೆ ಹದಿನೈದರ ಹತ್ತಿರ ಎಂದು ಕೇಂದ್ರದ ತಜ್ಞರ ಗುಂಪು ಅಂದಾಜಿಸಿದೆ. ಸಂತಾನ ಕಡಿಮೆ ಮಾಡಿದ ದಕ್ಷಿಣಕ್ಕೆ ಲೋಕಸಭೆಯಲ್ಲಿ ಕುರ್ಚಿಯೂ ಕಡಿಮೆಯಾದೀತೇ ಎಂದು ತಾವು ಕೇಳಿದ್ದೀರಿ. ತಲೆ ಎಣಿಸುವುದು ಗಣಿತ, ಕುರ್ಚಿ ಹಂಚುವುದು ರಾಜಕೀಯ. ಎರಡನೆಯದರ ಭವಿಷ್ಯ ಹೇಳಲು ಗೊರವಯ್ಯನೇ ವಾಸಿ.

ಮೊಮ್ಮಗಳ ವಿಷಯಕ್ಕೆ ಬರುತ್ತೇನೆ. ಜೆಫ್ರಿ ಹಿಂಟನ್ ಎಂಬ ವಿಜ್ಞಾನಿ ಇದ್ದಾರೆ. ಇಂದಿನ ಕೃತಕ ಬುದ್ಧಿಮತ್ತೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರು, 2024ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದವರು. 2016ರಲ್ಲಿ ಅವರು ರೇಡಿಯಾಲಜಿಸ್ಟರಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಿ, ಐದು ವರ್ಷಗಳಲ್ಲಿ, ಹೆಚ್ಚೆಂದರೆ ಹತ್ತರಲ್ಲಿ, ಯಂತ್ರವೇ ಅವರಿಗಿಂತ ಚೆನ್ನಾಗಿ ಓದುತ್ತದೆ ಎಂದಿದ್ದರು. ಯಂತ್ರ ಸ್ಕ್ಯಾನ್ ಓದುವುದನ್ನು ನಿಜವಾಗಿಯೂ ಕಲಿಯಿತು. ರೇಡಿಯಾಲಜಿಸ್ಟರಿಗೆ ಬೇಡಿಕೆ ಮಾತ್ರ ಇಂದಿಗೂ ಇದೆ. ಅವರ ಮಾತು ನಂಬಿ ಆ ವರ್ಷ ಹೆಣ್ಣುಮಗಳೊಬ್ಬಳು ಆ ಸೀಟು ಬಿಟ್ಟಿದ್ದರೆ? ಆ ವಿದ್ಯೆಯನ್ನು ಕಟ್ಟಿದವರೇ ಎಡವಿದ ಜಾಗದಲ್ಲಿ ಪಿಯುಸಿಯ ವಿಷಯ ಆರಿಸಿಕೊಡುವ ಯೋಗ್ಯತೆ ಮಾಸಪತ್ರಿಕೆಯ ಸಂಪಾದಕನಿಗೆ ಇಲ್ಲ. ಒಂದು ಮಾತ್ರ ಹೇಳಬಲ್ಲೆ: ಆ ನೂರಕ್ಕೆ ಹದಿನೈದು ಜನರ ಮಂಡಿ, ಕಣ್ಣು, ಹಲ್ಲು, ಒಂಟಿತನ ನೋಡಿಕೊಳ್ಳಲು ಕೈಗಳು ಬೇಕಾಗುತ್ತವೆ. ಆಕೆಗೆ ಅದರಲ್ಲಿ ಮನಸ್ಸಿಲ್ಲದಿದ್ದರೆ ನನ್ನ ಹೆಸರು ಹೇಳಿ ಒತ್ತಾಯಿಸಬೇಡಿ.

ಇಷ್ಟು ಹೇಳಿ ನಾನೇ ತಾರೀಖು ಹಾಕದಿದ್ದರೆ ತಾವು ಬಿಡುವವರಲ್ಲ. ಆದ್ದರಿಂದ ಎರಡು ಪಣ. 2035ರ ಕೊನೆಗೆ ರಾಜ್ಯದ ಸರ್ಕಾರಿ, ಖಾಸಗಿ ಶಾಲೆಗಳೆಲ್ಲ ಸೇರಿ ಒಂದನೆಯ ತರಗತಿಯ ದಾಖಲಾತಿ ಇಂದಿಗಿಂತ ಕಡಿಮೆ ಇರುತ್ತದೆ. ಇದರಲ್ಲಿ ನನಗೆ ಅಂಜಿಕೆ ಇಲ್ಲ. ಎರಡನೆಯದರಲ್ಲಿ ಇದೆ: ಹಗಲಿನ ಬಿಸಿಲನ್ನು ಸಂಜೆಗೆ ಕೂಡಿಡುವ ಕೆಲಸದಲ್ಲಿ, ಅದೇ ತಾರೀಖಿಗೆ, ರಾಜ್ಯದ ಬ್ಯಾಟರಿಗಳ ಸಾಮರ್ಥ್ಯ ಶರಾವತಿ ಕಣಿವೆಯಲ್ಲಿ ನೀರು ಮೇಲೆತ್ತಿ ಇಳಿಸಿ ವಿದ್ಯುತ್ ಮಾಡಲು ಹೊರಟಿರುವ 2,000 ಮೆಗಾವಾಟಿನ ಯೋಜನೆಯನ್ನು ಮೀರಿರುತ್ತದೆ. ಆ ಕಣಿವೆಯ ಸಿಂಗಳೀಕಗಳ ಕಾಡು ಉಳಿಯಲಿ ಎಂಬ ಆಸೆಯೂ ಈ ಲೆಕ್ಕದಲ್ಲಿ ಸ್ವಲ್ಪ ಬೆರೆತಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಸೋತರೆ ಹಡಗಲಿಗೇ ಬಂದು ಮಿರ್ಚಿ ಮಂಡಕ್ಕಿ ಕೊಡಿಸುತ್ತೇನೆ. ಗೆದ್ದರೂ ಬರುತ್ತೇನೆ, ದುಡ್ಡು ತಮ್ಮದು.

ಹಾಳೆಯನ್ನು ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇನೆ. ಹಿಂಬದಿಯ ಪದಬಂಧದಲ್ಲಿ, ಮೇಲಿನಿಂದ ಕೆಳಕ್ಕೆ, ತಾವು ತುಂಬಿದ ಏಳನೆಯ ಪದ ತಪ್ಪು.

— ಸಂಪಾದಕ